ಗುರುವಾರದ ಮನೆ

ಬಾಗಿಲು ಎರಡು ಸಲ ಬಡಿದ ಸದ್ದಾಗುತ್ತಿತ್ತು. ಆಮೇಲೆ ಪಡಸಾಲೆಯಲ್ಲಿ ದೂರವಾಗುವ ಹೆಜ್ಜೆ ಸಪ್ಪಳ. ತೆರೆದು ನೋಡಿದರೆ ಯಾರೂ ಇಲ್ಲ, ಹೊಸ್ತಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಮಾತ್ರ. ಒಳಗೆ ಬ್ರೆಡ್ಡು, ಬೇಯಿಸಿದ ಬೀನ್ಸ್ ತುಂಬಿದ ಡಬ್ಬಿ, ನಾಲ್ಕು ಸೇಬು, ಹಾಲು, ಪಾಸ್ತಾ. ಮೇಲೆ ಯಾರೋ ಕೈಯಾರೆ ಬರೆದ ನನ್ನ ಹೆಸರು, ಒಂದಕ್ಷರ ತಪ್ಪಾಗಿ. ಇಂಗ್ಲೆಂಡಿಗೆ ಬಂದ ಮೊದಲ ಹದಿನಾಲ್ಕು ದಿನ ನಾನು ಕಂಡ ಮನುಷ್ಯಲೋಕ ಇಷ್ಟೇ.

ಅದು 2020ರ ಸೆಪ್ಟೆಂಬರ್ ಕೊನೆ, ಕೋವಿಡ್ ಕಾಲ. ಭಾರತದಿಂದ ಬಂದವರು ಎರಡು ವಾರ ಕೋಣೆ ಬಿಟ್ಟು ಕದಲುವಂತಿರಲಿಲ್ಲ. ಲೀಡ್ಸ್ ನಗರದ ವಿದ್ಯಾರ್ಥಿನಿಲಯದ ನಾಲ್ಕನೆಯ ಮಹಡಿಯಲ್ಲಿ, ಒಂದು ಮಂಚ, ಒಂದು ಮೇಜು, ಅರ್ಧ ಮಾತ್ರ ತೆರೆಯುವ ಕಿಟಕಿ ಇದ್ದ ಕೋಣೆಯಲ್ಲಿ ನನ್ನ ಎಂ.ಎಸ್ಸಿ. ಆರಂಭವಾಯಿತು. ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮನೆಯ ಹಿತ್ತಿಲಿಗೆ ಬಂದು ನಿಂತರೆ ಕಬ್ಬಿನ ಗದ್ದೆಯಾಚೆ ಕುಂತಿಬೆಟ್ಟ ಕಾಣುತ್ತದೆ. ಅಷ್ಟು ದೂರಕ್ಕೆ ಕಣ್ಣು ಹಾಯಿಸಿ ಬೆಳೆದವಳಿಗೆ ಎದುರಿನ ಇಟ್ಟಿಗೆ ಗೋಡೆ ಎದೆಗೆ ಒತ್ತಿದ ಹಾಗಾಗುತ್ತಿತ್ತು. ಏಳೂವರೆ ಲಕ್ಷ ಮೀರಿದ ಶೈಕ್ಷಣಿಕ ಸಾಲಕ್ಕೆ ಬ್ಯಾಂಕು ಆಸ್ತಿ ಕೇಳಿತ್ತು. ಅಪ್ಪ ಎರಡು ಎಕರೆ ನೀರಾವರಿ ಗದ್ದೆಯ ಪತ್ರ ಕೊಟ್ಟು ಕಳಿಸಿದ್ದರು. ಆ ಪತ್ರ ಬ್ಯಾಂಕಿನ ಕಪಾಟಿನಲ್ಲಿದೆ ಎಂಬುದನ್ನು ನಾನು ಒಂದು ದಿನವೂ ಮರೆತಿರಲಿಲ್ಲ.

ದಿನ ಬಿಟ್ಟು ದಿನ ವಿದ್ಯಾರ್ಥಿನಿಲಯದ ಕಚೇರಿಯಿಂದ ಒಬ್ಬ ಮಹಿಳೆ ಫೋನ್ ಮಾಡುತ್ತಿದ್ದರು. ಮೂರೇ ಪ್ರಶ್ನೆ. ಜ್ವರ, ಕೆಮ್ಮು ಏನಾದರೂ ಇದೆಯೇ? ಊಟ ಸಾಕಾಗುತ್ತಿದೆಯೇ? ಇವತ್ತು ಯಾರೊಂದಿಗಾದರೂ ಮಾತನಾಡಿದಿರಾ? ಮೂರನೆಯ ಪ್ರಶ್ನೆ ಕೇಳಿ ಮೊದಲ ದಿನ ನನಗೆ ಅಚ್ಚರಿಯಾಯಿತು. ಆರನೆಯ ದಿನ ಅದಕ್ಕೆ ಉತ್ತರಿಸಲು ಹೋಗಿ ಗಂಟಲು ಕಟ್ಟಿತು. ಅವರು ಫೋನ್ ಇಡಲಿಲ್ಲ. ನಾನು ಸುಧಾರಿಸಿಕೊಳ್ಳುವವರೆಗೆ ಸುಮ್ಮನೆ ಆ ಕಡೆ ಉಸಿರಾಡುತ್ತಾ ಕುಳಿತಿದ್ದರು.

ಪ್ರತಿವರ್ಷ ಜುಲೈ, ಆಗಸ್ಟ್ ಬಂತೆಂದರೆ ಮಂಡ್ಯ, ಮೈಸೂರಿನ ಕಡೆಯಿಂದ ನನಗೆ ಕರೆಗಳು ಬರುತ್ತವೆ. ಮಗಳನ್ನು ಕಳಿಸುತ್ತಿದ್ದೇವೆ, ಏನೇನು ಕಟ್ಟಿಕೊಡೋಣ? ಕುಕ್ಕರ್ ಇರಲೇ, ಹುರುಳಿಕಾಳು ಬಿಡುತ್ತಾರೆಯೇ, ರಾಗಿ ಹಿಟ್ಟು ಅಲ್ಲಿ ಸಿಗುತ್ತದೆಯೇ? ಎಲ್ಲಕ್ಕೂ ಸಂತೋಷದಿಂದ ಉತ್ತರ ಹೇಳುತ್ತೇನೆ. ರಾಗಿ ಹಿಟ್ಟು ಸಿಗುತ್ತದೆ, ಅದರ ಯೋಚನೆ ಬೇಡ. ಆದರೆ ಆ ಎರಡು ಸಾಂಕ್ರಾಮಿಕದ ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದ್ದು ಯಾವುದು, ಬೀಳಿಸಿದ್ದು ಯಾವುದು ಎಂದು ಫೋನಿನ ಐದು ನಿಮಿಷದಲ್ಲಿ ಹೇಳಲಾಗುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಲೀಡ್ಸ್‌ನಲ್ಲಿ, ನನ್ನ ತಂಗಿ ಊರಿನಲ್ಲಿ, ಇಬ್ಬರೂ ಒಂದೇ ಹೊತ್ತಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆವು. ಹಾಗಾಗಿ ಎರಡೂ ಕಡೆಯದು ನನಗೆ ಗೊತ್ತು.

ತಂಗಿ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರದ ವಿದ್ಯಾರ್ಥಿನಿ. 2020ರ ಮಾರ್ಚ್‌ನಲ್ಲಿ ಎರಡು ಜೊತೆ ಬಟ್ಟೆ ತೆಗೆದುಕೊಂಡು ಒಂದು ವಾರಕ್ಕೆಂದು ಊರಿಗೆ ಬಂದಳು. ಪುಸ್ತಕ, ನೋಟ್ಸು, ಪ್ರಯೋಗದ ದಾಖಲೆ ಪುಸ್ತಕ ಎಲ್ಲವೂ ಹಾಸ್ಟೆಲಿನ ಟ್ರಂಕಿನಲ್ಲಿ ಉಳಿದವು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಹಾಸ್ಟೆಲುಗಳು ಎಷ್ಟೋ ಕಡೆ ಕೋವಿಡ್ ಆರೈಕೆ ಕೇಂದ್ರಗಳಾದವು. ಕರ್ನಾಟಕದಲ್ಲಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು ಆ ವರ್ಷದ ನವೆಂಬರ್ 17ಕ್ಕೆ. ಎಂಟು ತಿಂಗಳು ಅವಳ ಓದು ಬೀಗ ಹಾಕಿದ ಟ್ರಂಕಿನೊಳಗಿತ್ತು.

ನಮ್ಮ ಊರಿನಲ್ಲಿ ಮೊಬೈಲಿಗೆ ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ಅವಳು ಮೊದಲು ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದಳು. ಅಲ್ಲಿ ಬಿಸಿಲು. ದಾರಿಹೋಕರೆಲ್ಲ ನಿಂತು, ಯಾರೊಂದಿಗೆ ಮಾತನಾಡುತ್ತಿದ್ದೀಯೆ ಎಂದು ಕೇಳುವವರೇ. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯ ತಾರಸಿಯನ್ನು ಅವಳಿಗೆ ಬಿಟ್ಟುಕೊಟ್ಟರು. ಎಂಬತ್ತು ದಾಟಿದ ಹಿರಿಯರು. ತಾರಸಿಯ ಮೂಲೆಯಲ್ಲಿ ತೆಂಗಿನ ಗರಿಯ ಒಂದು ಚಪ್ಪರ ಹಾಕಿಸಿ, ಕೂರಲು ತಮ್ಮದೇ ಹಳೆಯ ಮೇಜು ಏರಿಸಿದರು. ಅಲ್ಲಿ ಎರಡು ಕಡ್ಡಿ ಬರುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು, ವಿಡಿಯೊ ತರಗತಿ ಮೂರಾಗುವಷ್ಟರಲ್ಲಿ ಮುಗಿಯುತ್ತಿತ್ತು. ನಾಲ್ಕನೆಯ ತರಗತಿಗೆ ಅಪ್ಪನ ಫೋನು. ಅಪ್ಪ ಗದ್ದೆಗೆ ಹೋಗಿದ್ದರೆ ನಾಲ್ಕನೆಯ ತರಗತಿ ಇಲ್ಲ.

ನನಗೆ ಆಗ ಏನೇನು ಸಿಗುತ್ತಿತ್ತೆಂದು ಅವಳಿಗೆ ಹೇಳುವಾಗ ನಾಲಿಗೆ ತಡೆಯುತ್ತಿತ್ತು. ಲ್ಯಾಪ್‌ಟಾಪ್ ಕೆಟ್ಟರೆ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತೊಂದನ್ನು ಎರವಲು ಕೊಡುತ್ತಿತ್ತು. ಪುಸ್ತಕವನ್ನು ಮೊದಲೇ ಕೇಳಿಟ್ಟರೆ ಹೆಸರು ಬರೆದ ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಡುತ್ತಿದ್ದರು. ಒಂದು ಅಧ್ಯಾಯ ಸಾಕೆಂದರೆ ಸ್ಕ್ಯಾನ್ ಮಾಡಿ ಕಳಿಸುತ್ತಿದ್ದರು. ಪಾಠಗಳೆಲ್ಲ ಧ್ವನಿಮುದ್ರಣವಾಗಿ ಉಳಿಯುತ್ತಿದ್ದವು, ಕೇಳಿದ್ದನ್ನೇ ಮತ್ತೆ ಕೇಳಬಹುದಿತ್ತು. ನನ್ನ ಇಂಗ್ಲಿಷ್ ಕಿವಿ ಯಾರ್ಕ್‌ಷೈರ್ ಉಚ್ಚಾರಣೆಗೆ ಒಗ್ಗುವವರೆಗೆ ನನ್ನನ್ನು ಕಾಪಾಡಿದ್ದು ಆ ಧ್ವನಿಮುದ್ರಣಗಳೇ.

ಊರಿನಲ್ಲಿ ಏನೂ ಇರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ದುಡ್ಡು ಕೊಡದೆ ಓದುವ ಸಾಮಗ್ರಿಯ ವಿಷಯದಲ್ಲಿ ಭಾರತ ಬಡದೇಶವಲ್ಲ. 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಪೂರ್ತಿ ಕೋರ್ಸುಗಳಿದ್ದವು. ಅಂಥ ಪಾಠಗಳನ್ನು ತಯಾರಿಸುವ ಮಲ್ಟಿಮೀಡಿಯಾ ಸಂಶೋಧನಾ ಕೇಂದ್ರವೊಂದು ಮೈಸೂರು ವಿಶ್ವವಿದ್ಯಾಲಯದಲ್ಲಿಯೇ ಇದೆ. ಇಂಟರ್‌ನೆಟ್ ಇಲ್ಲದವರಿಗಾಗಿ ಟಿವಿಯಲ್ಲಿ ಸ್ವಯಂಪ್ರಭಾ ವಾಹಿನಿಗಳು. ಸ್ನಾತಕೋತ್ತರದವರಿಗೆ ಇ-ಪಿಜಿ ಪಾಠಶಾಲಾ, ಪ್ರೌಢಪ್ರಬಂಧ ಬೇಕಾದವರಿಗೆ ಶೋಧಗಂಗಾ, ಎಲ್ಲಕ್ಕೂ ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಕೊಟ್ಟಿತು. ಮಂಡ್ಯದಲ್ಲಿ ಓದುತ್ತಿದ್ದ ಚಿಕ್ಕಪ್ಪನ ಮಗನಿಗೂ ಬಂತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯ ತಿಂಗಳಿಗೆ 1,500 ರೂಪಾಯಿ ಮೊದಲಿನಿಂದ ಇದ್ದೇ ಇತ್ತು. ಇಷ್ಟೆಲ್ಲ ಇತ್ತು. ನನ್ನ ತಂಗಿಗೆ ಮಾತ್ರ ಶೋಧಗಂಗಾ ಎಂಬ ಹೆಸರು ಗೊತ್ತಾದದ್ದು ಆರು ತಿಂಗಳ ನಂತರ, ಅದೂ ನಾನು ಲೀಡ್ಸ್‌ನಿಂದ ಹೇಳಿದ ಮೇಲೆ. ಅವಳ ಮನೆಬಾಗಿಲಿಗೆ ಬಂದು ಇದು ನಿನಗಾಗಿ ಇದೆ ಎಂದು ಯಾರೂ ಹೇಳಿರಲಿಲ್ಲ.

ಒಬ್ಬ ಅಧ್ಯಾಪಕಿಯನ್ನು ಬಿಟ್ಟು. ಅವರು ತರಗತಿಗೆ ಯಾರು ಬರುತ್ತಿದ್ದಾರೆ ಎಂದು ನೋಡುವ ಬದಲು ಯಾರು ಬರುತ್ತಿಲ್ಲ ಎಂದು ನೋಡಿದರು. ಬಾರದ ಹದಿನೇಳು ಮಂದಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದರು. ಎಲ್ಲರದೂ ಒಂದೇ ಉತ್ತರ: ಸಿಗ್ನಲ್ ಇಲ್ಲ ಮೇಡಂ, ಡೇಟಾ ಇಲ್ಲ ಮೇಡಂ. ಮಾರನೆಯ ದಿನದಿಂದ ವಿಡಿಯೊ ಬಿಟ್ಟು ಇಪ್ಪತ್ತು ನಿಮಿಷದ ಧ್ವನಿ ಸಂದೇಶ ಮಾಡಿ, ಕೈಯಲ್ಲಿ ಬರೆದ ಚಿತ್ರದ ಒಂದು ಫೋಟೊ ಜೊತೆಗಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಕಳಿಸತೊಡಗಿದರು. ನಾಲ್ಕೈದು ಎಂಬಿ ಮುಗಿದರೆ ಒಂದು ಪಾಠ ಮುಗಿಯಿತು. ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಾ, ತಂಗಿಯ ಫೋನಿನಿಂದ ಹೊಮ್ಮುವ ಜರೀಗಿಡಗಳ ಜೀವನಚಕ್ರ ಕೇಳುತ್ತಿದ್ದರು. ಪ್ರಯೋಗಾಲಯವಿಲ್ಲದಿದ್ದರೆ ಏನಂತೆ, ನಿಮ್ಮ ನಿಮ್ಮ ಊರಿನ ಗಿಡಗಳನ್ನೇ ಒಣಗಿಸಿ ಹೆಸರು ಬರೆದು ತನ್ನಿ ಎಂದರು ಆ ಅಧ್ಯಾಪಕಿ. ತಂಗಿ ಕೆರೆ ಏರಿಯ ಮೇಲೆ ತುಂಬೆ, ಉತ್ತರಾಣಿ, ನೆಲನೆಲ್ಲಿ ಎಂದು ನಲವತ್ತು ಗಿಡ ಹುಡುಕಿ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿದಳು. ಆ ಕಟ್ಟು ಈಗಲೂ ಮನೆಯ ಅಟ್ಟದ ಮೇಲಿದೆ. ಪತ್ರಿಕೆಯ ಹಾಳೆಯಲ್ಲಿ ಅಂದಂದಿನ ಸೋಂಕಿತರ ಸಂಖ್ಯೆ, ಅದರ ಮೇಲೆ ಒಣಗಿದ ತುಂಬೆ ಹೂವು.

ದನಿಯಿಂದ ಪಾಠ ಮಾಡುವುದು ಮೈಸೂರಿಗೆ ಹೊಸದಲ್ಲ ಎಂದು ಮೇಷ್ಟ್ರು ಹೇಳಿದರಂತೆ. ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿದರು. ‘ಆಕಾಶವಾಣಿ’ ಎಂದು ಹೆಸರಾದದ್ದು ಅದೇ. ಮುಂದೆ ಇಡೀ ದೇಶದ ಬಾನುಲಿ ಆ ಹೆಸರನ್ನು ತೆಗೆದುಕೊಂಡಿತು. ಅವರು ಕಲಿಸುತ್ತಿದ್ದದ್ದು ಮನಃಶಾಸ್ತ್ರ, ಅದನ್ನು ಓದಿ ಬಂದದ್ದು ಲಂಡನ್ನಿನಲ್ಲಿ. ಇದನ್ನು ತಂಗಿ ಫೋನಿನಲ್ಲಿ ಹೇಳಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಸುಮಾರು ನೂರು ವರ್ಷಗಳ ಹಿಂದೆ ಇದೇ ದೇಶದ ಚಳಿಯಲ್ಲಿ ಒಬ್ಬ ಮೈಸೂರಿನ ವಿದ್ಯಾರ್ಥಿ ಮನಸ್ಸಿನ ಶಾಸ್ತ್ರ ಓದುತ್ತಾ ಕುಳಿತಿದ್ದರು. ಊರಿಗೆ ಮರಳಿ, ದೂರದಲ್ಲಿರುವವರಿಗೆ ದನಿ ಮುಟ್ಟಿಸುವ ಕೆಲಸ ಮಾಡಿದರು. ನನಗೆ ಆಗ ಬೇಕಾಗಿದ್ದದ್ದು ಅವೆರಡೇ.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ಪಾಠಗಳೆಲ್ಲ ಆನ್‌ಲೈನ್, ಸಹಪಾಠಿಗಳೆಲ್ಲ ಪರದೆಯ ಮೇಲಿನ ಹೆಸರುಗಳು. 2021ರ ಜನವರಿ ಮೊದಲ ವಾರ ಇಂಗ್ಲೆಂಡಿನಲ್ಲಿ ಮತ್ತೆ ಲಾಕ್‌ಡೌನ್ ಬಂತು. ನಾನು ವಾರಕ್ಕೆ ಕೆಲವು ಗಂಟೆ ದುಡಿಯುತ್ತಿದ್ದ ಕೆಫೆ ಮುಚ್ಚಿತು, ಕೆಲಸ ಹೋಯಿತು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ಹಾಸ್ಟೆಲಿನ ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟವು. ಮ್ಯಾಂಚೆಸ್ಟರಿನಲ್ಲಿ ವಿದ್ಯಾರ್ಥಿಗಳು ಬಾಡಿಗೆ ಕಟ್ಟದೆ ಹೋರಾಡಿ ಮೊದಲ ಅವಧಿಗೆ ಶೇಕಡ 30ರಷ್ಟು ಇಳಿಸಿಕೊಂಡರು. ನಾನಿದ್ದದ್ದು ಒಂದು ಖಾಸಗಿ ಕಂಪನಿಯ ಕಟ್ಟಡ. ಅವರು ಒಪ್ಪಂದದ ಪುಟ ತೋರಿಸಿ ಒಂದು ಪೌಂಡನ್ನೂ ಬಿಡಲಿಲ್ಲ. ಈಗ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು: ಮನೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮಧ್ಯದಲ್ಲಿ ಬಿಡಬೇಕಾದರೆ ಏನಾಗುತ್ತದೆ ಎಂಬ ಸಾಲನ್ನು ಓದಿ. ಅರ್ಥವಾಗದಿದ್ದರೆ ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ತೋರಿಸಿ, ಅವರು ಹಣ ಕೇಳದೆ ಓದಿ ಹೇಳುತ್ತಾರೆ.

ವಿಶ್ವವಿದ್ಯಾಲಯದಲ್ಲಿ ಹಾರ್ಡ್‌ಶಿಪ್ ಫಂಡ್ ಎಂಬುದೊಂದಿದೆ, ಕಷ್ಟದಲ್ಲಿರುವ ವಿದ್ಯಾರ್ಥಿಗೆ ತೀರಿಸಬೇಕಿಲ್ಲದ ಸಹಾಯಧನ. ಅದರ ಅರ್ಜಿಯನ್ನು ತೆರೆದು ಹನ್ನೊಂದು ದಿನ ಹಾಗೇ ಇಟ್ಟಿದ್ದೆ. ಮೂರು ತಿಂಗಳ ಬ್ಯಾಂಕ್ ವಿವರ ಕೇಳಿದ್ದರು, ಅದನ್ನು ಜೋಡಿಸಲು ಹನ್ನೊಂದು ನಿಮಿಷ ಸಾಕಿತ್ತು. ತಡೆದದ್ದು ಬೇರೆಯೇ. ನಮ್ಮ ಮನೆಯಲ್ಲಿ ಬಂದವರಿಗೆ ಕೊಟ್ಟು ಗೊತ್ತು, ಕೈ ಚಾಚಿ ಗೊತ್ತಿಲ್ಲ. ಬರಗಾಲದಲ್ಲೂ ಅಪ್ಪ ಸೊಸೈಟಿಯ ಸಾಲ ಕೇಳಲು ಹೋಗುವಾಗ ತಲೆಗೆ ಟವೆಲ್ ಸುತ್ತಿಕೊಂಡು ಹಿಂದಿನ ದಾರಿಯಲ್ಲಿ ಹೋಗುತ್ತಿದ್ದರು. ಅಷ್ಟು ಸಾಲದೆಂಬಂತೆ ಒಂದು ಭಯವೂ ಇತ್ತು. ಆಗ ನಮ್ಮ ವೀಸಾ ಕಾರ್ಡಿನ ಮೇಲೆ ‘ನೋ ಪಬ್ಲಿಕ್ ಫಂಡ್ಸ್’ ಎಂದು ಅಚ್ಚಾಗಿರುತ್ತಿತ್ತು, ಸರ್ಕಾರದ ಸಹಾಯಧನ ಪಡೆಯುವಂತಿಲ್ಲ ಎಂದು. ಈ ಹಣ ಪಡೆದರೆ ವೀಸಾ ರದ್ದಾಗುತ್ತದೆಂದು ನಮ್ಮ ಮಹಡಿಯ ಭಾರತೀಯರಲ್ಲಿ ಮಾತು ಹಬ್ಬಿತ್ತು. ಅದು ಸುಳ್ಳು. ವಿಶ್ವವಿದ್ಯಾಲಯದ ನಿಧಿ ಆ ನಿಷೇಧದೊಳಗೆ ಬರುವುದಿಲ್ಲ. ಆ ಫೆಬ್ರುವರಿಯಲ್ಲಿ ಸರ್ಕಾರವೇ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಇದಕ್ಕೆಂದೇ ಇನ್ನೂ 5 ಕೋಟಿ ಪೌಂಡ್ ಕೊಟ್ಟಿತ್ತು, ಹೊರದೇಶದ ವಿದ್ಯಾರ್ಥಿಗಳಿಗೂ ಅದರಲ್ಲಿ ಪಾಲಿತ್ತು. ಇದನ್ನು ಸಲಹಾ ಕಚೇರಿಯವರು ಹೇಳಿದ ಮೇಲೆ ಹನ್ನೆರಡನೆಯ ದಿನ ಅರ್ಜಿ ಹಾಕಿದೆ. ಮೂರು ವಾರಕ್ಕೆ ಖಾತೆಗೆ ಹಣ ಬಂತು, ಒಂದೂವರೆ ತಿಂಗಳ ಊಟಕ್ಕಾಗುವಷ್ಟು. ನನ್ನ ಪಕ್ಕದ ಕೋಣೆಯ ಗುಂಟೂರಿನ ಹುಡುಗಿ ಕೊನೆಗೂ ಹಾಕಲಿಲ್ಲ. ಒಂದು ಹೊತ್ತು ಉಂಡು ಆ ಚಳಿಗಾಲ ಕಳೆದಳು, ನನಗೆ ತಿಳಿದದ್ದು ಬೇಸಿಗೆಯಲ್ಲಿ. ಗೋಡೆಯ ಆಚೆ ಇದ್ದವಳು ನಾನು, ಒಮ್ಮೆಯೂ ಕೇಳಲಿಲ್ಲವಲ್ಲ ಎಂಬ ನೋವು ಇನ್ನೂ ಇದೆ.

ಭಾನುವಾರಗಳಂದು ಗುರುದ್ವಾರದವರು ಊಟದ ಪೊಟ್ಟಣ ಹಂಚುತ್ತಿದ್ದರು. ನಮ್ಮ ಕಡೆ ದಾಸೋಹವೆಂದರೆ ಏನೋ ಅವರಲ್ಲಿ ಲಂಗರ್ ಎಂದರೆ ಅದೇ. ಹೆಸರು ಕೇಳುವುದಿಲ್ಲ, ಅರ್ಜಿ ಇಲ್ಲ. ದಾಲ್ ಬಿಸಿಯಾಗಿರುತ್ತಿತ್ತು.

ಮನಸ್ಸಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಊರಿನಿಂದ ಫೋನ್ ಮಾಡುವ ತಂದೆತಾಯಂದಿರು ಇದೊಂದನ್ನು ಕೇಳುವುದೇ ಇಲ್ಲ. ಜನವರಿಯಲ್ಲಿ ನಾನು ವಿಶ್ವವಿದ್ಯಾಲಯದ ಆಪ್ತಸಮಾಲೋಚಕರ ಬಳಿ ಹೋದೆ. ಹೋದೆ ಎಂದರೆ ಪರದೆಯ ಮುಂದೆ ಕುಳಿತೆ. ಆರು ಭೇಟಿ, ಉಚಿತ. ಮೊದಲ ಭೇಟಿಯಲ್ಲಿ ಏನಾಗುತ್ತಿದೆ ಎಂದು ಕೇಳಿದರು. ನನ್ನ ಬಾಯಿಗೆ ಬಂದ ಪದ ‘ಸಂಕಟ’. ಅದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಲಿ? ಹೊಟ್ಟೆ ತೊಳಸಿದರೂ ಸಂಕಟ, ಮನೆ ನೆನಪಾದರೂ ಸಂಕಟ, ಸಾಲ ನೆನಪಾದರೂ ಸಂಕಟ. ಆ ಪದವನ್ನೇ ಹಾಗೇ ಹೇಳಿ ವಿವರಿಸಿದೆ. ಅವರು ಕಾಗದದ ಮೇಲೆ ಬರೆದುಕೊಂಡು, ಮುಂದಿನ ವಾರದಿಂದ ‘ಈ ವಾರ ಸಂಕಟ ಹೇಗಿದೆ?’ ಎಂದು ಕೇಳತೊಡಗಿದರು. ಉಚ್ಚಾರಣೆ ಸರಿಯಾಗಿರಲಿಲ್ಲ. ಆದರೂ ನನ್ನ ಭಾಷೆಯ ಪದ ಅವರ ಬಾಯಲ್ಲಿ ಬಂದಾಗ ಅರ್ಧ ಭಾರ ಇಳಿದ ಹಾಗಾಗಿತ್ತು. ರಾತ್ರಿಯ ಹೊತ್ತಿಗೆ ನೈಟ್‌ಲೈನ್ ಎಂಬ ಸೇವೆ ಇದೆ, ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಮಾತು ಕೇಳುವುದು, ಹೆಸರು ಹೇಳಬೇಕಿಲ್ಲ. ಎರಡು ರಾತ್ರಿ ನಾನು ಅಲ್ಲಿಗೂ ಫೋನ್ ಮಾಡಿದ್ದೇನೆ. ವೈದ್ಯರ ವಿಷಯವೂ ಹೀಗೆಯೇ. ವೀಸಾದ ಜೊತೆಗೆ ಆರೋಗ್ಯ ಸೇವೆಗೆಂದು ನನ್ನಿಂದ ವರ್ಷಕ್ಕೆ 300 ಪೌಂಡ್ ಲೆಕ್ಕದಲ್ಲಿ ಹಣ ಮೊದಲೇ ಕಟ್ಟಿಸಿಕೊಂಡಿದ್ದರು. ಕಟ್ಟಿದ ಮೇಲೆ ಬಂದ ವಾರವೇ ಹತ್ತಿರದ ವೈದ್ಯರಲ್ಲಿ ಹೆಸರು ಬರೆಸಬೇಕು. ಕಾಯಿಲೆ ಬಂದ ಮೇಲೆ ಬರೆಸುತ್ತೇನೆ ಎಂದುಕೊಂಡವರು ಆ ಚಳಿಗಾಲದಲ್ಲಿ ಬಹಳ ಪಾಡುಪಟ್ಟರು.

ಊರಿನಲ್ಲಿ ಅಂಥ ದನಿ ತಂಗಿಗೆ ಸಿಗಲಿಲ್ಲ. ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ 2020ರ ಜುಲೈನಲ್ಲಿ ‘ಮನೋದರ್ಪಣ’ ಆರಂಭಿಸಿತ್ತು, ನಿಮ್ಹಾನ್ಸ್‌ನವರೂ ಸಹಾಯವಾಣಿ ನಡೆಸುತ್ತಿದ್ದರು. ನಮ್ಮ ತಾರಸಿಯವರೆಗೆ ಆ ಸುದ್ದಿ ಏರಿ ಬರಲಿಲ್ಲ. 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಸಹಾಯವಾಣಿ ಇದೆ, 14416 ಎಂಬ ಐದು ಅಂಕಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಓದುವವರ ಮನೆಯಲ್ಲಿ ಓದುವ ಮಕ್ಕಳಿದ್ದರೆ ದಯವಿಟ್ಟು ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ. ಮಗು ಕೇಳಲಿ ಎಂದು ಕಾಯಬೇಡಿ.

ಏಪ್ರಿಲ್ 23, 2021. ಅಂದು ಬೆಳಗಿನ ಜಾವದಿಂದ ಬ್ರಿಟನ್ ಭಾರತವನ್ನು ಪ್ರಯಾಣ ನಿರ್ಬಂಧದ ಕೆಂಪುಪಟ್ಟಿಗೆ ಸೇರಿಸಿತು. ಅದಾಗಿ ನಾಲ್ಕು ದಿನಕ್ಕೆ ಕರ್ನಾಟಕದಲ್ಲಿ ಕರ್ಫ್ಯೂ ಶುರುವಾಯಿತು. ಮೇ ಎರಡನೆಯ ವಾರ ಅಪ್ಪನಿಗೆ ಜ್ವರ ಬಂತು. ಮೂರನೆಯ ದಿನ ಉಸಿರು ಮೇಲೆ ಕೆಳಗೆ ಆಗತೊಡಗಿತು. ತಂಗಿ ಪಕ್ಕದ ಮನೆಯವರ ಓಮ್ನಿಯಲ್ಲಿ ಅವರನ್ನು ಮಂಡ್ಯಕ್ಕೆ ಕರೆದೊಯ್ದಳು. ನಾನು ಹೋಗುವುದು ಹೇಗೆ? ಹೋದರೂ ಹಿಂದಿರುಗುವಾಗ ಹತ್ತು ದಿನ ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದರು, ಅದಕ್ಕೆ 1,750 ಪೌಂಡ್ ನಾವೇ ಕಟ್ಟಬೇಕಿತ್ತು. ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗಿನಿಂದ ತಂಗಿ ಫೋನ್ ಮಾಡುತ್ತಿದ್ದಳು. ಅವಳಿಗೆ ರಾತ್ರಿ ಹನ್ನೆರಡಾದರೆ ನನಗೆ ಸಂಜೆ ಏಳೂವರೆ, ಕಿಟಕಿಯ ಹೊರಗೆ ಇನ್ನೂ ಬಿಸಿಲು. ಆ ಬಿಸಿಲನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ‘ಅಕ್ಕ, ಆಕ್ಸಿಜನ್ ಹಾಕಿದ್ದಾರೆ, ಮಲಗಿದ್ದಾರೆ, ನೀನು ಊಟ ಮಾಡು’ ಎನ್ನುತ್ತಿದ್ದಳು. ಅವಳಿಗೆ ಊಟವಾಗಿತ್ತೇ ಎಂದು ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಆ ವಾರ ನನ್ನ ಪ್ರಬಂಧದ ಮಾರ್ಗದರ್ಶಕರಿಂದ ಒಂದು ಮೇಲ್ ಬಂತು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಭಾರತದ ಸುದ್ದಿ ನೋಡುತ್ತಿದ್ದೇನೆ, ನಿನ್ನ ಮನೆಯವರು ಹೇಗಿದ್ದಾರೆ, ನೀನು ಹೇಗಿದ್ದೀಯೆ ಎಂದು ಮೂರು ಸಾಲು ಬರೆದಿದ್ದರು. ನಾನು ಒಂದು ಸಾಲಿನ ಉತ್ತರ ಬರೆದೆ. ಅರ್ಧ ಗಂಟೆಯಲ್ಲಿ ಅವರ ಫೋನು. ಪ್ರಬಂಧಕ್ಕೆ ಮೂರು ವಾರ ಹೆಚ್ಚಿನ ಗಡುವು ಕೇಳೋಣ, ಅರ್ಜಿ ನಾನೇ ತುಂಬುತ್ತೇನೆ, ನೀನು ಒಪ್ಪಿಗೆ ಕೊಟ್ಟರೆ ಸಾಕು ಎಂದರು. ವೈದ್ಯರ ಪತ್ರ ಬೇಕೇ ಎಂದೆ. ಬೇಡ, ನಿನ್ನ ಮಾತೇ ಸಾಕು, ಈ ವರ್ಷ ಯಾರಿಂದಲೂ ಪತ್ರ ಕೇಳುತ್ತಿಲ್ಲ ಎಂದರು. ‘ನಿನ್ನ ಮಾತೇ ಸಾಕು’ ಎಂಬ ಆ ವಾಕ್ಯಕ್ಕೆ ನಾನು ಇಂದಿಗೂ ಋಣಿ.

ತಂಗಿಗೂ ಆ ತಿಂಗಳು ಗಡುವುಗಳಿದ್ದವು. ಆಂತರಿಕ ಮೌಲ್ಯಮಾಪನದ ಬರಹವೊಂದನ್ನು ಅವಳು ಬೇವಿನ ಮರದ ಕೆಳಗೆ ಕುಳಿತು ಬರೆದು ಫೋಟೊ ತೆಗೆದು ಕಳಿಸಿದಳು. ಗಡುವು ಕೇಳಬಹುದೆಂದು ಅವಳಿಗೆ ತೋಚಿರಲಿಲ್ಲ. ಧ್ವನಿ ಸಂದೇಶದ ಅಧ್ಯಾಪಕಿಗೆ ವಿಷಯ ತಿಳಿದದ್ದು ತಡವಾಗಿ, ಅವರು ಫೋನಿನಲ್ಲಿ ಅತ್ತರಂತೆ. ‘ನೀನು ಒಂದು ಮಾತು ಹೇಳಬಾರದಿತ್ತೇ ಕೂಸೇ?’ ಎಂದರಂತೆ.

ಅಪ್ಪ ಹನ್ನೊಂದನೆಯ ದಿನ ಮನೆಗೆ ಬಂದರು. ಮುಖ ಅರ್ಧವಾಗಿತ್ತು. ಬಂದವರು ಮೊದಲು ಕೇಳಿದ್ದು ಉಪ್ಸಾರು.

ವಾರಾನ್ನದ ಕಥೆಯನ್ನು ಮೇಷ್ಟ್ರು ಹೇಳಿದ್ದು ಆ ದಿನಗಳಲ್ಲೇ. ತಂಗಿ ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ತಾರಸಿ ಖಾಲಿಯಿತ್ತು. ಎರಡನೆಯ ದಿನವೇ ಮೇಷ್ಟ್ರು ಕೋಲೂರಿಕೊಂಡು ನಮ್ಮ ಮನೆಗೆ ಬಂದು, ಬಾಗಿಲಾಚೆ ದೂರ ನಿಂತು, ಹುಡುಗಿ ಏಕೆ ಪಾಠಕ್ಕೆ ಬರಲಿಲ್ಲ ಎಂದು ಅಮ್ಮನನ್ನು ಕೇಳಿದ್ದರು. ವಿಷಯ ತಿಳಿದು ಆಸ್ಪತ್ರೆಯ ಬಳಿ ಇದ್ದ ತಮ್ಮ ಹಳೆಯ ಶಿಷ್ಯನಿಗೆ ಫೋನ್ ಮಾಡಿದರು. ಅಂದು ರಾತ್ರಿಯಿಂದ ಬೇವಿನ ಮರದ ಕೆಳಗೆ ತಂಗಿಗೆ ಬುತ್ತಿ ಬರತೊಡಗಿತು. ಇಷ್ಟೆಲ್ಲ ಏಕೆ ಮಾಡಿದಿರಿ ಎಂದು ಆಮೇಲೆ ತಂಗಿ ಕೇಳಿದಾಗ ಅವರು ತಮ್ಮ ಓದಿನ ದಿನಗಳನ್ನು ಹೇಳಿದರಂತೆ.

ಸಾವಿರದ ಒಂಬೈನೂರ ಐವತ್ತರ ದಶಕದಲ್ಲಿ ಅವರು ಮೈಸೂರಿನಲ್ಲಿ ಓದಿದ್ದು ವಾರಾನ್ನದ ಮೇಲೆ. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ಅಗ್ರಹಾರದಲ್ಲಿ, ಮಂಗಳವಾರ ಕೃಷ್ಣಮೂರ್ತಿಪುರಂನಲ್ಲಿ, ಹೀಗೆ. ಗುರುವಾರ ಲಕ್ಷ್ಮೀಪುರಂನ ಒಬ್ಬ ವಕೀಲರ ಮನೆ. ಒಮ್ಮೆ ಅವರು ವಿಷಮಜ್ವರದಲ್ಲಿ ನಾಲ್ಕು ದಿನ ಕೋಣೆಯಲ್ಲೇ ಬಿದ್ದಿದ್ದರು. ಸೋಮವಾರ ಹೋಯಿತು, ಮಂಗಳವಾರ ಹೋಯಿತು, ಬುಧವಾರವೂ ಹೋಯಿತು. ಗುರುವಾರ ಮಧ್ಯಾಹ್ನ ವಕೀಲರ ಮನೆಯ ಹುಡುಗ ಸೈಕಲ್ಲಿನಲ್ಲಿ ಗಂಜಿಯ ಪಾತ್ರೆ ಕಟ್ಟಿಕೊಂಡು ಬಂದು ಬಾಗಿಲು ಬಡಿದ. ಅಮ್ಮ ಎಲೆ ಹಾಕಿ ಕಾಯುತ್ತಿದ್ದಾರೆ, ನೀವು ಬರಲಿಲ್ಲವಲ್ಲ, ನೋಡಿಕೊಂಡು ಬಾ ಎಂದರು ಎಂದ. ‘ಆರು ಮನೆಯವರೂ ಅನ್ನ ಹಾಕಿದರು ಮಗಳೇ, ಅವರೂ ದೊಡ್ಡವರೇ. ಗುರುವಾರದ ಮನೆ ನಾನು ಬಾರದ್ದನ್ನು ಲೆಕ್ಕ ಇಟ್ಟಿತು’ ಎಂದರಂತೆ ಮೇಷ್ಟ್ರು. ವಾರಾನ್ನದ ಆ ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ ಎಂಬುದನ್ನೂ ಅವರು ಮರೆಮಾಚಲಿಲ್ಲ. ನಮ್ಮ ತಾತನಿಗೆ ಆ ಬಾಗಿಲು ಇರಲಿಲ್ಲ. ನಮ್ಮಂಥವರ ಮಕ್ಕಳನ್ನು ಓದಿಸಿದ್ದು ಮಠಗಳು, ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು, ಆಮೇಲೆ ಸರ್ಕಾರದ ಹಾಸ್ಟೆಲುಗಳು. ಆ ಊಟದ ಮನೆಗಳು 2020ರಲ್ಲಿ ಒಂದೇ ದಿನ ಮುಚ್ಚಿದಾಗ ಎಷ್ಟು ಮಕ್ಕಳ ಎಲೆ ಖಾಲಿಯಾಯಿತು, ಯಾರು ಲೆಕ್ಕ ಇಟ್ಟರು ಎಂದು ನಾನು ಇಂದಿಗೂ ಯೋಚಿಸುತ್ತೇನೆ.

ಲೀಡ್ಸ್‌ನಲ್ಲಿ ನನಗೆ ಸಿಕ್ಕ ಸವಲತ್ತುಗಳ ಹಿಂದೆ ಹಣ ಇತ್ತು, ಅದು ನಿಜ. ನಾವು ಕಟ್ಟಿದ ಶುಲ್ಕವೂ ಅದರಲ್ಲಿತ್ತು. ಆದರೆ ಆರನೆಯ ದಿನದ ಆ ಫೋನಿಗೆ, ಮೂರು ಸಾಲಿನ ಆ ಮೇಲ್‌ಗೆ ಖರ್ಚಾದದ್ದು ಏನು? ಹದಿನೇಳು ಮಂದಿಗೆ ಫೋನ್ ಮಾಡಿದ ಗಂಗೋತ್ರಿಯ ಅಧ್ಯಾಪಕಿಗೆ ಯಾವ ನಿಧಿ ಇತ್ತು? ಕೇಳಲು ಬಾರದ ಮಕ್ಕಳನ್ನು ನಾವೇ ಬೆಳೆಸಿದ್ದೇವೆ. ಹಾಗಿರುವಾಗ, ಸೌಲಭ್ಯ ಇದೆ, ಬೇಕಾದವರು ಅರ್ಜಿ ಹಾಕಲಿ ಎಂದು ಕುಳಿತರೆ ಅದು ತಲುಪುವುದು ಅರ್ಜಿ ಹಾಕಬಲ್ಲವರಿಗೆ ಮಾತ್ರ. ಗುಂಟೂರಿನ ಆ ಹುಡುಗಿಗೆ ಅದು ತಲುಪಲಿಲ್ಲ.

ನಾನು ಈಗ ಲೀಡ್ಸ್‌ನಲ್ಲೇ ಉದ್ಯೋಗದಲ್ಲಿದ್ದೇನೆ. ಸೆಪ್ಟೆಂಬರ್ ಬಂದರೆ ನಮ್ಮ ಕಡೆಯಿಂದ ಹೊಸದಾಗಿ ಬಂದ ಮಕ್ಕಳ ಪಟ್ಟಿ ಇಟ್ಟುಕೊಂಡು, ಮೊದಲ ಎರಡು ತಿಂಗಳು ಗುರುವಾರ ಸಂಜೆ ಫೋನ್ ಮಾಡುತ್ತೇನೆ. ವೈದ್ಯರಲ್ಲಿ ಹೆಸರು ಬರೆಸಿದಿರಾ, ಇವತ್ತು ಯಾರೊಂದಿಗಾದರೂ ಮಾತನಾಡಿದಿರಾ?

ತಂಗಿ ಮಂಡ್ಯದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹಾಜರಾತಿ ಪುಸ್ತಕದ ಹಿಂದಿನ ಪುಟದಲ್ಲಿ, ಬಾರದವರ ಹೆಸರು ಬರೆದಿಡುತ್ತಾಳೆ. ಕಳೆದ ವಾರ ಮಾತನಾಡುವಾಗ ದನಿ ಅವಸರದಲ್ಲಿತ್ತು. ‘ಮಳವಳ್ಳಿ ಕಡೆಯ ಹುಡುಗ ಅಕ್ಕ, ಎಂಟು ದಿನವಾಯಿತು ಬಂದು. ಫೋನ್ ಸ್ವಿಚ್ ಆಫ್ ಬರುತ್ತಿದೆ. ನಾಳೆ ನನಗೆ ಮಧ್ಯಾಹ್ನದ ಮೇಲೆ ತರಗತಿ ಇಲ್ಲ, ಒಂದು ಗಂಟೆಯ ಬಸ್ಸಿಗೆ ಹೋಗಿ ನೋಡಿಕೊಂಡು ಬರುತ್ತೇನೆ’ ಎಂದಳು.